ಮಾಧ್ಯಸ್ಥ್ಯದ ಮರೆಯಲ್ಲಿ ಮೂಕಪ್ರಾಣಿಯ ನೋವು

ನೀರನ್ನು ಸೋಸಿ ಕುಡಿಯುವುದು, ಸೂರ್ಯಾಸ್ತದ ಮೊದಲೇ ಊಟ ಮುಗಿಸುವುದು, ಕಂದಮೂಲಗಳನ್ನು ವರ್ಜಿಸುವುದು ಇವು ಜೈನ ಗೃಹಸ್ಥನನ್ನು ಲೋಕವು ಗುರುತಿಸುವ ಲಕ್ಷಣಗಳು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಶ್ರಾವಕ ಮನೆತನಗಳು ಈ ನಿಯಮಗಳನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿರುವುದು ಅಭಿಮಾನಪಡತಕ್ಕ ಸಂಗತಿ. 981ರಲ್ಲಿ ಚಾವುಂಡರಾಯನು ವಿಂಧ್ಯಗಿರಿಯ ಮೇಲೆ 58 ಅಡಿಯ ಬಾಹುಬಲಿಯನ್ನು ನಿಲ್ಲಿಸಿದ ಈ ನಾಡಿನಲ್ಲಿ ಅಹಿಂಸೆಯನ್ನು ಯಾರಿಗೂ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಆದರೆ ಕಣ್ಣಿಗೆ ಕಾಣದ ಜೀವಿಗಳಿಗಾಗಿ ನಲ್ಲಿಗೆ ಬಟ್ಟೆ ಕಟ್ಟುವ ಮನೆಯ ಜಗುಲಿಯ ಮೇಲೆಯೇ, ಕಣ್ಣೆದುರು ಕಾಣುವ ಒಂದು ಪಂಚೇಂದ್ರಿಯ ಜೀವಿಯ ನೋವು ಯಾರ ಕಣ್ಣಿಗೂ ಬೀಳದೆ ಹೋಗುತ್ತಿರುವುದು ವಿಪರ್ಯಾಸವಲ್ಲವೇ?

ಆ ಜೀವಿ ಬೆಕ್ಕು. ಹೆಂಚಿನ ಮನೆಗಳ ಅಟ್ಟದಲ್ಲಿ, ರಾಗಿ ಮತ್ತು ಕೊಬ್ಬರಿ ತುಂಬಿದ ಕೋಣೆಗಳಲ್ಲಿ, ಬಸದಿಯ ಉಗ್ರಾಣದಲ್ಲಿ, ಯಾತ್ರಿನಿವಾಸದ ಅಡುಗೆಮನೆಯ ಹಿಂಬದಿಯಲ್ಲಿ ಅದು ಇದ್ದೇ ಇರುತ್ತದೆ. ಅದನ್ನು ಸಾಕಿದವರೆಂದು ಯಾರೂ ಒಪ್ಪಿಕೊಳ್ಳುವುದಿಲ್ಲ. ಆದರೆ ಅದು ಇಲಿ ಕಾಯುವುದರ ಲಾಭವನ್ನು ಎಲ್ಲರೂ ಪಡೆಯುತ್ತಾರೆ. ಅಂತಹ ಬೆಕ್ಕು ದಿನವಿಡೀ ಒಂದೇ ಸಮನೆ ತನ್ನ ಹೊಟ್ಟೆಯನ್ನೂ ತೊಡೆಯ ಒಳಭಾಗವನ್ನೂ ನೆಕ್ಕಿ ನೆಕ್ಕಿ ಕೂದಲನ್ನೆಲ್ಲ ಕಳೆದುಕೊಂಡು, ಚರ್ಮ ಕೆಂಪಾಗಿ, ಕೊನೆಗೆ ರಕ್ತ ಒಸರುವ ಸ್ಥಿತಿಗೆ ಬಂದಾಗ ಮನೆಯವರ ಬಾಯಿಂದ ಬರುವ ಮಾತುಗಳು ಮೂರೇ: 'ಅದರ ಕರ್ಮ', 'ಔಷಧಿ ಹಾಕಿದರೆ ಹುಳು ಸಾಯುತ್ತವೆ, ನಮಗೆ ಪಾಪ', 'ಅದು ಹಿಂಸಕ ಪ್ರಾಣಿ, ಅದರ ಗೊಡವೆ ಏಕೆ'. ಈ ಮೂರು ಮಾತುಗಳೂ ಧರ್ಮದ ಭಾಷೆಯಲ್ಲಿವೆ. ಮೂರೂ ಧರ್ಮಕ್ಕೆ ವಿರುದ್ಧವಾಗಿವೆ. ಅದನ್ನು ಆಗಮದ ಆಧಾರದಿಂದಲೂ ವೈದ್ಯಶಾಸ್ತ್ರದ ಆಧಾರದಿಂದಲೂ ತೋರಿಸುವುದು ಅವಶ್ಯಕವಾಗಿದೆ.

ನೆಕ್ಕುವಿಕೆಯ ಹಿಂದಿನ ಬೇನೆ

ಮೊದಲಿಗೆ ವ್ಯಾಧಿಯ ಸ್ವರೂಪವನ್ನು ಅರಿಯಬೇಕು. ಬೆಕ್ಕು ಮೈ ನೆಕ್ಕಿಕೊಳ್ಳುವುದು ಅದರ ಸಹಜ ಸ್ವಭಾವ. ಅದರ ನಾಲಗೆಯ ಮೇಲೆ ಹಿಮ್ಮುಖವಾಗಿ ಬಾಗಿದ ಗಡುಸಾದ ಮುಳ್ಳುಗಳಿದ್ದು ಅವು ಬಾಚಣಿಗೆಯ ಕೆಲಸ ಮಾಡುತ್ತವೆ. ಈ ಸ್ವಭಾವ ಮಿತಿಮೀರಿದಾಗ ಅದೇ ನಾಲಗೆ ಅರದಂತೆ ವರ್ತಿಸಿ ಕೂದಲನ್ನು ಬುಡದಲ್ಲಿಯೇ ಕತ್ತರಿಸುತ್ತದೆ. ಹೊಟ್ಟೆ, ತೊಡೆ, ಪಕ್ಕೆಗಳು ಎರಡೂ ಬದಿಗೆ ಸಮನಾಗಿ ಬೋಳಾಗುವುದು, ಬೆನ್ನಿನ ಮೇಲೆ ರಾಗಿಕಾಳಿನಂತಹ ಹುರುಪೆಗಳೇಳುವುದು, ಚರ್ಮದ ಮೇಲೆ ಒದ್ದೆಯಾದ ಕೆಂಪು ದದ್ದುಗಳು ಉಬ್ಬಿ ನಿಲ್ಲುವುದು, ಕತ್ತು ಮುಖಗಳನ್ನು ಉಗುರಿನಿಂದ ಕೆರೆದು ಗಾಯ ಮಾಡಿಕೊಳ್ಳುವುದು, ಇವು ತುರಿಕೆಯ ಚಿಹ್ನೆಗಳು.

ಇದಕ್ಕೆ ಅತಿ ಸಾಮಾನ್ಯ ಕಾರಣಗಳಲ್ಲಿ ಮೊದಲನೆಯದು ಚಿಗಟ. ಚಿಗಟವು ಕಚ್ಚುವಾಗ ಅದರ ಜೊಲ್ಲು ಚರ್ಮದೊಳಗೆ ಸೇರುತ್ತದೆ. ಕೆಲವು ಬೆಕ್ಕುಗಳ ಶರೀರಕ್ಕೆ ಆ ಜೊಲ್ಲು ಒಗ್ಗುವುದಿಲ್ಲ. ಅಂತಹ ಬೆಕ್ಕಿಗೆ ನೂರು ಚಿಗಟಗಳು ಬೇಕಾಗಿಲ್ಲ, ಕೆಲವೇ ಕಡಿತಗಳಿಂದ ದಿನಗಟ್ಟಲೆ ಮೈಯೆಲ್ಲ ಉರಿಯುತ್ತದೆ. 'ಹುಡುಕಿದರೂ ಒಂದು ಚಿಗಟವೂ ಸಿಗಲಿಲ್ಲ' ಎಂಬ ಮಾತು ಇಲ್ಲಿ ಪ್ರಮಾಣವಾಗುವುದಿಲ್ಲ. ಅತಿಯಾಗಿ ನೆಕ್ಕುವ ಬೆಕ್ಕು ಚಿಗಟಗಳನ್ನೂ ನುಂಗಿಬಿಟ್ಟಿರುತ್ತದೆ. ಹೇನು ತೆಗೆಯುವ ಸೀರಣಿಗೆಯಿಂದ ಅದರ ಮೈ ಬಾಚಿ, ಉದುರಿದ ಕರಿಯ ಕಣಗಳನ್ನು ಒದ್ದೆ ಬಿಳಿಬಟ್ಟೆಯ ಮೇಲಿಟ್ಟು ನೋಡಿದರೆ, ಕಣಗಳ ಸುತ್ತ ಕೆಂಪುಮಿಶ್ರಿತ ಕಂದು ಬಣ್ಣ ಹರಡಿತೆಂದರೆ ಅದು ಚಿಗಟ ಹೀರಿ ವಿಸರ್ಜಿಸಿದ ರಕ್ತ. ಈ ಪರೀಕ್ಷೆಗೆ ಖರ್ಚಿಲ್ಲ.

ಉಳಿದ ಕಾರಣಗಳೂ ಹಲವು. ತಿನ್ನುವ ಆಹಾರ ಒಗ್ಗದಿರುವುದು, ಧೂಳು ಮತ್ತು ಹೂವಿನ ಪರಾಗ ಒಗ್ಗದಿರುವುದು, ಕಜ್ಜಿಯ ಹುಳು, ಹುಳುಕಡ್ಡಿ, ಇವೆಲ್ಲ ಒಂದೇ ಬಗೆಯ ಬೋಳುತನವನ್ನು ಉಂಟುಮಾಡಬಲ್ಲವು. ಮೂತ್ರಕೋಶದ ಬೇನೆಯಿಂದ ನರಳುವ ಬೆಕ್ಕು ಕೂಡ ಕಿಬ್ಬೊಟ್ಟೆಯನ್ನೇ ನೆಕ್ಕುತ್ತದೆ. ಕಾರಣವನ್ನು ಕಣ್ಣಳತೆಯಿಂದ ನಿರ್ಧರಿಸಲಾಗದು ಎಂಬುದೇ ಇದರ ತಾತ್ಪರ್ಯ.

'ಅದಕ್ಕೆ ಅದೊಂದು ಚಟ' ಎಂದು ತಳ್ಳಿಹಾಕುವವರು 2006ರಲ್ಲಿ ಅಮೆರಿಕದ ಪಶುವೈದ್ಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಗಮನಿಸಬೇಕು. ಮಾನಸಿಕ ಕಾರಣದಿಂದಲೇ ಕೂದಲು ಕಿತ್ತುಕೊಳ್ಳುತ್ತಿವೆ ಎಂದು ಭಾವಿಸಲಾಗಿದ್ದ 21 ಬೆಕ್ಕುಗಳನ್ನು ಕೂಲಂಕಷವಾಗಿ ಪರೀಕ್ಷಿಸಿದಾಗ 16 ಬೆಕ್ಕುಗಳಲ್ಲಿ ಶಾರೀರಿಕ ವ್ಯಾಧಿಯೇ ಕಾರಣವೆಂದು ತಿಳಿಯಿತು. 3ರಲ್ಲಿ ಎರಡೂ ಕಾರಣಗಳು ಬೆರೆತಿದ್ದವು. ಕೇವಲ ಮಾನಸಿಕ ಕಾರಣ ಕಂಡುಬಂದದ್ದು 2 ಬೆಕ್ಕುಗಳಲ್ಲಿ ಮಾತ್ರ. ಚಟವೆಂದು ಕರೆದದ್ದು ಬೇನೆಯಾಗಿತ್ತು. ಮಾತು ಬಾರದ ಜೀವಿಯ ನೋವಿಗೆ ದುರಭ್ಯಾಸದ ಹೆಸರನ್ನಿಟ್ಟು ಕೈತೊಳೆದುಕೊಳ್ಳುವುದು ಅಸತ್ಯವೂ ಹೌದು, ನಿರ್ದಯತೆಯೂ ಹೌದು.

ಕರ್ಮದ ನೆಪ

ಈಗ ಮೊದಲನೆಯ ಮಾತನ್ನು ವಿಚಾರಿಸಬಹುದು. ಬೆಕ್ಕು ಅನುಭವಿಸುತ್ತಿರುವುದು ಅದರ ಅಸಾತಾವೇದನೀಯ ಕರ್ಮದ ಉದಯವೆಂಬುದು ಸಿದ್ಧಾಂತದ ದೃಷ್ಟಿಯಿಂದ ನಿಜ. ಆದರೆ ಅದೇ ಸಿದ್ಧಾಂತ ಅಲ್ಲಿಗೆ ನಿಲ್ಲುವುದಿಲ್ಲ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಅಸಾತಾವೇದನೀಯದ ಆಸ್ರವಕ್ಕೆ ಪರರಿಗೆ ದುಃಖವನ್ನುಂಟುಮಾಡುವುದನ್ನು ಕಾರಣವಾಗಿ ಹೇಳಿ, ಜೀವಿಗಳ ಮೇಲಿನ ಅನುಕಂಪೆಯನ್ನು ಸಾತಾವೇದನೀಯದ ಕಾರಣವಾಗಿ ಹೇಳುತ್ತದೆ. ಬೆಕ್ಕಿನ ಕರ್ಮವನ್ನು ಎಣಿಸುತ್ತ ಕುಳಿತ ಗೃಹಸ್ಥನು ಅದೇ ಗಳಿಗೆಯಲ್ಲಿ ತನ್ನ ಖಾತೆಗೆ ಏನನ್ನು ಬರೆದುಕೊಳ್ಳುತ್ತಿದ್ದಾನೆಂಬುದನ್ನು ಎಣಿಸುವುದಿಲ್ಲ. ಮನೆಯ ಮಗುವಿಗೆ ಜ್ವರ ಬಂದಾಗಲೂ ಅದು ಕರ್ಮೋದಯವೇ. ಆಗ ಯಾವ ಶ್ರಾವಕನೂ ಕರ್ಮಸಿದ್ಧಾಂತವನ್ನು ಉಪದೇಶಿಸುತ್ತ ಕೂರುವುದಿಲ್ಲ, ವೈದ್ಯರಲ್ಲಿಗೆ ಓಡುತ್ತಾನೆ. ಓಡುವುದೇ ಸರಿ. ಸಿದ್ಧಾಂತವು ಮಗುವಿಗೊಂದು, ಮೂಕಪ್ರಾಣಿಗೊಂದು ಆಗಿರಲಾರದು.

ಕೆಲವರು ಇನ್ನಷ್ಟು ಪಾಂಡಿತ್ಯದಿಂದ ಮಾಧ್ಯಸ್ಥ್ಯ ಭಾವನೆಯನ್ನು ಮುಂದಿಡುತ್ತಾರೆ: ರಾಗವೂ ಬೇಡ, ದ್ವೇಷವೂ ಬೇಡ, ಸುಮ್ಮನೆ ಸಾಕ್ಷಿಯಾಗಿರಬೇಕು ಎಂದು. ಇದು ಶಾಸ್ತ್ರವನ್ನು ಅರ್ಧ ಓದಿದವರ ಮಾತು. ವ್ರತಿಯಾದವನು ಅಭ್ಯಾಸ ಮಾಡಬೇಕಾದ ನಾಲ್ಕು ಭಾವನೆಗಳನ್ನು ಆಚಾರ್ಯರು ಯಾರ ವಿಷಯದಲ್ಲಿ ಯಾವುದು ಎಂದು ವಿಂಗಡಿಸಿಯೇ ಹೇಳಿದ್ದಾರೆ. ಎಲ್ಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ಕ್ಲೇಶಪಡುತ್ತಿರುವವರಲ್ಲಿ ಕಾರುಣ್ಯ, ಉಪದೇಶಕ್ಕೆ ಒಗ್ಗದ ಅವಿನೀತರಲ್ಲಿ ಮಾಧ್ಯಸ್ಥ್ಯ. ತುರಿಕೆಯಿಂದ ರಾತ್ರಿಯೆಲ್ಲ ನಿದ್ರೆಯಿಲ್ಲದೆ ಮೈ ಕಚ್ಚಿಕೊಳ್ಳುವ ಪ್ರಾಣಿ ಈ ನಾಲ್ಕರಲ್ಲಿ ಯಾವ ಪಂಕ್ತಿಗೆ ಸೇರಿದ್ದು? ಕಾರುಣ್ಯ ಸಲ್ಲಬೇಕಾದ ಕಡೆ ಮಾಧ್ಯಸ್ಥ್ಯವನ್ನು ಸಲ್ಲಿಸುವುದು ವೈರಾಗ್ಯವಲ್ಲ. ಸೋಮಾರಿತನಕ್ಕೆ ಶಾಸ್ತ್ರದ ಹೊದಿಕೆ ಹೊದಿಸುವುದು.

ಮತ್ತೊಂದು ವಾದವೂ ಕೇಳಿಬರುತ್ತದೆ. ಮುನಿಗಳು ಸೊಳ್ಳೆ ನೊಣಗಳ ಕಡಿತವನ್ನು ಪರೀಷಹವೆಂದು ಸಹಿಸುವುದಿಲ್ಲವೇ, ಪ್ರಾಣಿಯೂ ಸಹಿಸಲಿ ಎಂಬುದು. ಇಪ್ಪತ್ತೆರಡು ಪರೀಷಹಗಳಲ್ಲಿ ಕೀಟಗಳ ಕಡಿತವೂ ರೋಗವೂ ಸೇರಿರುವುದು ನಿಜ. ಆದರೆ ಪರೀಷಹವು ಸಂಕಲ್ಪಪೂರ್ವಕವಾಗಿ ದೀಕ್ಷೆ ಪಡೆದವರ ಜಯ. ಹಾಗೆಯೇ ಚಂದ್ರಗಿರಿಯ ಶಾಸನಗಳು ಕೊಂಡಾಡುವ ಸಲ್ಲೇಖನವೂ ಅರಿವಿನಿಂದ, ಗುರುವಿನ ಸಮ್ಮುಖದಲ್ಲಿ ಸ್ವೀಕರಿಸಿದ ವ್ರತ. ಬೆಕ್ಕು ಯಾವ ಗುರುವಿನ ಮುಂದೆ ಯಾವ ವ್ರತವನ್ನು ಸ್ವೀಕರಿಸಿತ್ತು? ತಾನು ಸೊಳ್ಳೆಪರದೆಯೊಳಗೆ ಮಲಗಿ, ಹೊರಗಿನ ಪ್ರಾಣಿಗೆ ಪರೀಷಹವನ್ನು ಬೋಧಿಸುವ ಗೃಹಸ್ಥನು ತಪಸ್ಸಿಗೂ ಅಪಚಾರ ಮಾಡುತ್ತಾನೆ.

ಚಿಗಟದ ಪ್ರಾಣ

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಚಿಗಟವು ಹೇನು ತಿಗಣೆಗಳಂತೆ ತ್ರಸಜೀವಿ. ಅಣುವ್ರತಿಯಾದ ಗೃಹಸ್ಥನು ತ್ಯಜಿಸುವುದು ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನೇ. ಹಾಗಿರುವಾಗ ಬೆಕ್ಕಿಗಾಗಿ ಚಿಗಟಗಳನ್ನು ಕೊಲ್ಲುವುದು ಹೇಗೆ ಸರಿ ಎಂಬ ಪ್ರಶ್ನೆ ನ್ಯಾಯವಾದದ್ದೇ.

ಆದರೆ ಈ ಪ್ರಶ್ನೆ ಕೇಳುವ ಮನೆಯಲ್ಲಿಯೇ ಶಾಲೆಗೆ ಹೋಗುವ ಹೆಣ್ಣುಮಗುವಿನ ತಲೆಯಲ್ಲಿ ಹೇನಾದಾಗ ಏನು ನಡೆಯುತ್ತದೆ? ಅಜ್ಜಿ ಸೀರಣಿಗೆ ಹಿಡಿದು ಕುಳಿತುಕೊಳ್ಳುತ್ತಾಳೆ. ಅದು ಸಾಲದಾದಾಗ ಅಂಗಡಿಯಿಂದ ಹೇನಿನ ಔಷಧಿ ಬರುತ್ತದೆ. ಆಗ ಯಾರಿಗೂ ಹೇನಿನ ಇಂದ್ರಿಯಗಳೆಷ್ಟು, ಪ್ರಾಣಗಳೆಷ್ಟು ಎಂಬುದು ನೆನಪಾಗುವುದಿಲ್ಲ. ಮಗುವಿನ ತಲೆಯ ವಿಷಯದಲ್ಲಿ ಮರೆತುಹೋಗುವ ಶಾಸ್ತ್ರವು ಬೆಕ್ಕಿನ ಹೊಟ್ಟೆಯ ವಿಷಯದಲ್ಲಿ ಮಾತ್ರ ನೆನಪಾಗುವುದಾದರೆ, ಅದು ಚಿಗಟದ ಮೇಲಿನ ದಯೆಯಿಂದಲ್ಲ, ಬೆಕ್ಕಿನ ಮೇಲಿನ ತಾತ್ಸಾರದಿಂದ.

ಆಗಮದ ಗಣನೆಯಲ್ಲಿ ಮೂರು ಇಂದ್ರಿಯದ ಜೀವಿಗೆ ಏಳು ಪ್ರಾಣಗಳು, ಮನಸ್ಸುಳ್ಳ ಪಂಚೇಂದ್ರಿಯಕ್ಕೆ ಹತ್ತು ಪ್ರಾಣಗಳು. ಗರ್ಭಜ ಪಂಚೇಂದ್ರಿಯ ತಿರ್ಯಂಚವು ಸಮ್ಯಕ್ತ್ವವನ್ನು ಮಾತ್ರವಲ್ಲ, ಐದನೆಯ ಗುಣಸ್ಥಾನವನ್ನೂ ಮುಟ್ಟಬಲ್ಲದೆಂದು ಸಿದ್ಧಾಂತವು ಒಪ್ಪುತ್ತದೆ. ಜಿನೇಂದ್ರನ ಸಮವಸರಣದಲ್ಲಿ ತಿರ್ಯಂಚಗಳಿಗೂ ಒಂದು ಕೋಷ್ಠವಿದೆ. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಜನ್ನನು 1209ರಲ್ಲಿ ರಚಿಸಿದ 'ಯಶೋಧರ ಚರಿತೆ'ಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಮಾತ್ರದಿಂದ ಅರಸನೂ ಅವನ ತಾಯಿಯೂ ಎಷ್ಟೆಷ್ಟು ಪ್ರಾಣಿಜನ್ಮಗಳಲ್ಲಿ ತೊಳಲಿದರೆಂಬುದೇ ಅದರ ವಸ್ತು. ಪ್ರಾಣಿಯ ಶರೀರದೊಳಗೆ ನರಳುತ್ತಿರುವವನು ಯಾರೆಂದು ಯಾರು ಬಲ್ಲರು ಎಂಬ ಎಚ್ಚರಿಕೆಯನ್ನೂ, ಕೃತ್ಯಕ್ಕಿಂತ ಅದರ ಹಿಂದಿನ ಭಾವವೇ ಬಂಧಕಾರಣವೆಂಬ ತತ್ತ್ವವನ್ನೂ ಆ ಕಾವ್ಯ ಒಟ್ಟಿಗೆ ಕಲಿಸುತ್ತದೆ.

ಹಿಂಸೆಯ ಲಕ್ಷಣವನ್ನು ಹೇಳುವಾಗ ಆಚಾರ್ಯರು ಪ್ರಮಾದವನ್ನು ಮುಂದಿಟ್ಟಿದ್ದಾರೆ. ಎಚ್ಚರಿಕೆಯಿಂದ ನಡೆಯುವವನಿಂದ ಆಕಸ್ಮಿಕವಾಗಿ ಜೀವಹಾನಿಯಾದರೂ ಅವನು ಹಿಂಸಕನೆನಿಸುವುದಿಲ್ಲ. ಪ್ರಮಾದಿಯು ಯಾರನ್ನೂ ಕೊಲ್ಲದಿದ್ದರೂ ಹಿಂಸಕನೇ ಎಂಬುದು ಅಮೃತಚಂದ್ರಾಚಾರ್ಯರ 'ಪುರುಷಾರ್ಥಸಿದ್ಧ್ಯುಪಾಯ'ದ ಸಾರ. ಈ ಒರೆಗಲ್ಲಿಗೆ ಚಿಗಟದ ಪ್ರಶ್ನೆಯನ್ನು ತಿಕ್ಕಿ ನೋಡಬೇಕು. ಒಂದು ಹೆಣ್ಣು ಚಿಗಟ ದಿನಕ್ಕೆ 40ರಿಂದ 50 ಮೊಟ್ಟೆಗಳನ್ನಿಡಬಲ್ಲದು. ಆ ಮೊಟ್ಟೆಗಳು ಬೆಕ್ಕಿನ ಮೈಯಿಂದ ಜಾರಿ ಚಾಪೆ, ಗೋಣಿಚೀಲ, ನೆಲದ ಬಿರುಕುಗಳಲ್ಲಿ ಸೇರುತ್ತವೆ. ಒಂದು ಮನೆಯ ಚಿಗಟಸಂತತಿಯಲ್ಲಿ ಬೆಕ್ಕಿನ ಮೈಮೇಲಿರುವುದು ಅಲ್ಪಭಾಗ. ಮೊಟ್ಟೆ, ಮರಿಹುಳು, ಕೋಶಗಳ ರೂಪದ ಬಹುಪಾಲು ಇರುವುದು ನೆಲದಲ್ಲಿಯೇ. ಬೆಚ್ಚಗಿನ ತೇವದ ಹವೆಯಲ್ಲಿ ಎರಡು ಮೂರು ವಾರಗಳೊಳಗೆ ಹೊಸ ಪೀಳಿಗೆ ಎದ್ದು ನಿಲ್ಲುತ್ತದೆ. ಮೊದಲ ವಾರ ಸುಮ್ಮನಿದ್ದವನು ಎರಡನೆಯ ತಿಂಗಳಿಗೆ ಸಾವಿರಾರು ಜೀವಿಗಳ ಮೇಲೆ ವಿಷ ಸಿಂಪಡಿಸುತ್ತಾನೆ. ಇಲ್ಲಿ ಹೆಚ್ಚಿನ ಹಿಂಸೆಯಾದದ್ದು ಚಿಕಿತ್ಸೆಯಿಂದಲೋ, ಚಿಕಿತ್ಸೆಯನ್ನು ಮುಂದೂಡಿದ ಪ್ರಮಾದದಿಂದಲೋ?

ಬೆಕ್ಕು ಮಲಗುವ ಚಾಪೆ ಬಟ್ಟೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಒಣಗಿಸುವುದು, ಮೂಲೆಮೂಲೆಗಳನ್ನು ದಿನವೂ ಗುಡಿಸುವುದು, ಸೀರಣಿಗೆಯಿಂದ ಬಾಚುವುದು, ವೈದ್ಯರು ಸೂಚಿಸಿದ ಹನಿಮದ್ದನ್ನು ನಾಲಗೆಗೆ ಎಟುಕದ ಹಿಂಗತ್ತಿನ ಚರ್ಮಕ್ಕೆ ಕ್ಲುಪ್ತವಾಗಿ ಹಾಕುವುದು, ಇವೇ ಯತ್ನಾಚಾರ. ಇದರಲ್ಲಿಯೂ ಜೀವಹಾನಿ ಇದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಅಡುಗೆ, ಬೇಸಾಯ, ಮನೆಯ ಶುಚಿ ಎಲ್ಲದರಲ್ಲಿಯೂ ಇರುವ ಆರಂಭೀ ಹಿಂಸೆಯ ಜಾತಿಗೆ ಸೇರಿದ್ದು ಇದು. ಗೃಹಸ್ಥನು ಅದಕ್ಕಾಗಿ ಪ್ರತಿಕ್ರಮಣ ಮಾಡಲಿ. ಆದರೆ ಕಡಿಮೆ ಹಿಂಸೆಗೆ ಹೆದರಿ ಹೆಚ್ಚಿನ ಹಿಂಸೆಯನ್ನು ಬೆಳೆಯಲು ಬಿಡುವುದು ಯಾವ ವ್ರತದ ಪಾಲನೆ?

ಮನೆಮದ್ದೆಂಬ ವಿಷ

ಚಿಕಿತ್ಸೆ ಮಾಡಲೊಲ್ಲದ ಕೈಗಳೇ ಒಮ್ಮೊಮ್ಮೆ ಬೇಸರಗೊಂಡು ಸಿಕ್ಕಿದ್ದನ್ನು ಸುರಿಯುತ್ತವೆ. ಸೀಮೆಎಣ್ಣೆ, ವಾಹನದ ಸುಟ್ಟ ಆಯಿಲ್, ಫಿನೈಲ್ ಬೆರೆಸಿದ ನೀರು, ಹೊಗೆಸೊಪ್ಪಿನ ಕಷಾಯ, ನುಸಿಗುಳಿಗೆಯ ಪುಡಿ, ಹೊಲಕ್ಕೆ ತಂದಿಟ್ಟ ಕೀಟನಾಶಕ. ಹಿಂದೆ ಕೀಟಗಳ ಮೇಲೆ ಸಲೀಸಾಗಿ ಎರಚುತ್ತಿದ್ದ ಬಿ.ಎಚ್.ಸಿ. ಪುಡಿಯನ್ನು ಭಾರತ ಸರ್ಕಾರ 1997ರಲ್ಲಿ ನಿಷೇಧಿಸಿತು. ಆ ಪುಡಿ ಹೋದರೂ ಕೈಯಳತೆಯಲ್ಲಿ ವಿಷ ಎರಚುವ ಮನೋಭಾವ ಉಳಿದಿದೆ. ಹೊಗೆಸೊಪ್ಪು ಬೆಳೆಯುವ ಅರಕಲಗೂಡಿನ ಸೀಮೆಯವರಿಗೆ ಅದರ ನಿಕೋಟಿನ್ ಎಂತಹ ವಿಷವೆಂದು ಹೇಳಿಕೊಡಬೇಕಾಗಿಲ್ಲ.

ಬೆಕ್ಕಿನ ವಿಷಯದಲ್ಲಿ ಎರಡು ವಿಶೇಷಗಳನ್ನು ನೆನಪಿಡಬೇಕು. ಮೊದಲನೆಯದಾಗಿ, ಮೈಗೆ ಹಚ್ಚಿದ್ದನ್ನೆಲ್ಲ ಅದು ನೆಕ್ಕುವುದರಿಂದ ಚರ್ಮದ ಮೇಲಿನ ಲೇಪ ಹೊಟ್ಟೆಯೊಳಗಿನ ಔಷಧಿಯೇ ಆಗುತ್ತದೆ. ಎರಡನೆಯದಾಗಿ, ಇತರ ಪ್ರಾಣಿಗಳ ಯಕೃತ್ತು ಮುರಿದು ಹೊರಹಾಕಬಲ್ಲ ಅನೇಕ ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಮುರಿಯಲಾರದು. ನಾಯಿಯ ಉಣ್ಣೆಗಾಗಿ ಮಾರುವ, ಪರ್ಮೆಥ್ರಿನ್ ಸೇರಿದ ಔಷಧಿಯನ್ನು ಬೆಕ್ಕಿಗೆ ಹಾಕಿದರೆ ಮೈ ನಡುಗಿ, ಸೆಳವು ಬಂದು ಸಾಯಬಹುದು. ಮನುಷ್ಯರು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಒಳ್ಳೆಯ ಉದ್ದೇಶವಿತ್ತೆಂಬ ಮಾತು ಇಲ್ಲಿ ರಕ್ಷೆಯಾಗದು. ತಿಳಿಯಬಹುದಾಗಿದ್ದುದನ್ನು ತಿಳಿಯದೆ ಮಾಡುವುದೇ ಪ್ರಮಾದ.

ವೈದ್ಯರಲ್ಲಿಗೆ ಹೋದವರೂ 'ಒಂದು ಇಂಜೆಕ್ಷನ್ ಹಾಕಿಬಿಡಿ' ಎಂದು ಕೇಳಿ ಮುಗಿಸುವುದುಂಟು. ಸ್ಟಿರಾಯ್ಡ್ ಚುಚ್ಚುಮದ್ದಿನಿಂದ ತುರಿಕೆ ಕೆಲವು ವಾರ ಅಡಗುತ್ತದೆ, ಕಾರಣ ಹಾಗೆಯೇ ಉಳಿಯುತ್ತದೆ. ಪದೇ ಪದೇ ಹಾಕಿಸಿದರೆ ಬೆಕ್ಕಿಗೆ ಮಧುಮೇಹ ಬರುವ ಸಂಭವವಿದೆ. ಅಲರ್ಜಿ ಬಹುಮಟ್ಟಿಗೆ ಬೇರುಸಹಿತ ಕಿತ್ತುಹಾಕಬಹುದಾದ ವ್ಯಾಧಿಯಲ್ಲ. ಜೀವಮಾನವಿಡೀ ಹತೋಟಿಯಲ್ಲಿಡಬೇಕಾದ ವ್ಯಾಧಿ. ಇಲ್ಲಿ ಬೇಕಾಗಿರುವುದು ಒಂದು ದಿನದ ಉದಾರತೆಗಿಂತ ಹೆಚ್ಚಾಗಿ ತಿಂಗಳುಗಟ್ಟಲೆಯ ತಾಳ್ಮೆ.

ಹಾಲನ್ನದ ಅಹಿಂಸೆ

ಮೂರನೆಯ ಮಾತು, ಬೆಕ್ಕು ಹಿಂಸಕ ಪ್ರಾಣಿ ಎಂಬುದು. ಇದಕ್ಕೆ ಶಾಸ್ತ್ರಾಧಾರವೂ ಇದೆ. ಸ್ವಾಮಿ ಕಾರ್ತಿಕೇಯರ 'ಅನುಪ್ರೇಕ್ಷೆ'ಯು ಬೆಕ್ಕು ಮೊದಲಾದ ಪ್ರಾಣಿಗಳನ್ನು ಇಟ್ಟುಕೊಳ್ಳುವುದನ್ನು ಅನರ್ಥದಂಡದಲ್ಲಿ ಎಣಿಸಿದೆ. ಈ ನಿಷೇಧವನ್ನು ಉಲ್ಲೇಖಿಸುವವರು ಅದು ಯಾರಿಗೆ ಅನ್ವಯಿಸುತ್ತದೆಂಬುದನ್ನು ಮರೆಯುತ್ತಾರೆ. ತಂದು ಇಟ್ಟುಕೊಳ್ಳಬೇಡ ಎಂಬುದು ಗೃಹಸ್ಥನಿಗೆ ಹೇಳಿದ ಮಾತು. ಇಟ್ಟುಕೊಂಡ ಮೇಲೆ ನರಳಲು ಬಿಡು ಎಂದು ಯಾವ ಆಚಾರ್ಯರೂ ಹೇಳಲಿಲ್ಲ. ಪ್ರತಿಯಾಗಿ, ಸಮಂತಭದ್ರಾಚಾರ್ಯರು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಕಟ್ಟಿಹಾಕುವುದು, ಪೀಡಿಸುವುದು, ಆಹಾರ ತಡೆಯುವುದು ಇವನ್ನು ಸೇರಿಸಿದಾಗ ಅವರ ಕಣ್ಣೆದುರು ಇದ್ದದ್ದು ಗೃಹಸ್ಥನ ಅಧೀನದಲ್ಲಿರುವ ಜೀವಿಗಳೇ. ಇಲಿ ಹಿಡಿಯಲೆಂದು ಬೆಕ್ಕನ್ನು ಉಗ್ರಾಣಕ್ಕೆ ಬಿಡುವಾಗ ನೆನಪಾಗದ ಅನರ್ಥದಂಡ, ಅದಕ್ಕೆ ಔಷಧಿ ಕೊಡಿಸುವ ದಿನ ನೆನಪಾಗುವುದೇಕೆ?

ಆಹಾರದ ವಿಷಯದಲ್ಲಿಯೂ ಆತ್ಮವಂಚನೆ ಕಡಿಮೆಯಿಲ್ಲ. ಬೆಕ್ಕಿಗೆ ಹಾಲನ್ನ ಹಾಕಿ ಅದನ್ನೂ ಶಾಕಾಹಾರಿಯನ್ನಾಗಿ ಮಾಡಿದೆವೆಂಬ ಸಮಾಧಾನ ಅನೇಕ ಮನೆಗಳಲ್ಲಿದೆ. ಬೆಕ್ಕಿನ ಶರೀರಕ್ಕೆ ಟಾರಿನ್ ಎಂಬ ಸತ್ತ್ವವೂ ಸಿದ್ಧರೂಪದ ಎ ಜೀವಸತ್ತ್ವವೂ ಆಹಾರದಿಂದಲೇ ದೊರೆಯಬೇಕು. ಹಾಲನ್ನದಲ್ಲಿ ಅವು ಸಾಕಷ್ಟಿಲ್ಲ. ಟಾರಿನ್ ಕೊರತೆಯಿಂದ ಬೆಕ್ಕುಗಳು ಕುರುಡಾಗುತ್ತವೆ. ಹೃದಯವೂ ಕೆಡುತ್ತದೆಂಬುದು 1987ರಲ್ಲಿ ಸ್ಥಿರಪಟ್ಟಿತು. ಹಾಲನ್ನದ ಬೆಕ್ಕು ಬದುಕಿರುವುದು ಹಿತ್ತಿಲಿನಲ್ಲಿ ಹಿಡಿದ ಇಲಿ ಹಲ್ಲಿಗಳಿಂದ. ಆ ಬೇಟೆಗೆ ಕಣ್ಣುಮುಚ್ಚಿ, ತಟ್ಟೆಯನ್ನು ಮಾತ್ರ ಶುದ್ಧವಾಗಿಟ್ಟುಕೊಂಡವನ ಅಹಿಂಸೆ ತಟ್ಟೆಯಷ್ಟೇ ಅಗಲದ್ದು. ಅಲ್ಲದೆ, ಆಹಾರದ ಅಲರ್ಜಿ ಇರುವ ಬೆಕ್ಕುಗಳಲ್ಲಿ ಕೆಲವಕ್ಕೆ ಹಾಲೇ ತುರಿಕೆಯ ಕಾರಣ; ಹೆಚ್ಚಿನವಕ್ಕೆ ದನದ ಮಾಂಸ, ಮೀನು, ಕೋಳಿ ಮುಂತಾದವು. ಕಾರಣ ತಿಳಿಯಬೇಕಾದರೆ ಹಿಂದೆ ತಿನ್ನದ ಒಂದೇ ಬಗೆಯ ಆಹಾರವನ್ನು ಎಂಟು ವಾರಗಳ ಕಾಲ, ಮಧ್ಯೆ ಬೇರೇನನ್ನೂ ಕೊಡದೆ ನಡೆಸಿ ನೋಡಬೇಕಾಗುತ್ತದೆ.

ಇಲ್ಲಿ ವ್ರತನಿಷ್ಠ ಮನೆಯೊಂದು ನಿಜವಾದ ಇಕ್ಕಟ್ಟಿಗೆ ಸಿಲುಕುತ್ತದೆ. ಕೃತ, ಕಾರಿತ, ಅನುಮೋದನಗಳಿಂದ ಮಾಂಸವನ್ನು ತ್ಯಜಿಸಿದವರು ಅದನ್ನು ಮನೆಗೆ ತರಲಾರರು. ಕೃತಕವಾಗಿ ತಯಾರಿಸಿದ ಟಾರಿನ್ ಸೇರಿಸಿದ ಸಸ್ಯಜನ್ಯ ಬೆಕ್ಕಿನ ಆಹಾರಗಳು ಇಂದು ಲಭ್ಯವಿದ್ದರೂ ಅವುಗಳ ದೀರ್ಘಕಾಲದ ಪರಿಣಾಮದ ಬಗ್ಗೆ ಪಶುವೈದ್ಯರಲ್ಲಿ ಒಮ್ಮತವಿಲ್ಲ. ವೈದ್ಯರ ನಿಗಾ ಇಲ್ಲದೆ ಅವನ್ನು ನೆಚ್ಚುವುದು ಯುಕ್ತವಲ್ಲ. ಅದೂ ಸಾಧ್ಯವಾಗದಿದ್ದರೆ ಬೆಕ್ಕನ್ನು ಬಲ್ಲವರ, ನೋಡಿಕೊಳ್ಳುವವರ ಮನೆಗೆ ವ್ಯಾಧಿಯ ವಿವರ ತಿಳಿಸಿ ಒಪ್ಪಿಸಬಹುದು. ಅದರಲ್ಲಿಯೂ ದೋಷದ ಅಂಶವಿದೆ. ಆದರೆ ಒಪ್ಪಿಸುವುದು ಬೇರೆ, ಗೋಣಿಚೀಲದಲ್ಲಿ ಕಟ್ಟಿ ಹೇಮಾವತಿಯ ಆಚೆ ದಡದಲ್ಲೋ, ಸಂತೆಯ ಮಾಳದಲ್ಲೋ, ಬಸದಿಯ ಹಿಂಬಾಗಿಲಲ್ಲೋ ಬಿಟ್ಟುಬರುವುದು ಬೇರೆ. ದೋಷರಹಿತವಾದ ದಾರಿ ಇದ್ದದ್ದು ತರುವ ಮೊದಲು. ಕಾರ್ತಿಕೇಯರ ಎಚ್ಚರಿಕೆಯ ಮರ್ಮ ಇದೇ: ನಿನ್ನ ವ್ರತಕ್ಕೂ ಅದರ ಶರೀರಧರ್ಮಕ್ಕೂ ಹೊಂದಾಣಿಕೆಯಾಗದು, ಆದ್ದರಿಂದ ಆರಂಭಿಸಬೇಡ. ಆರಂಭಿಸಿದವನಿಗೆ ಉಳಿಯುವುದು ಹೊಣೆಗಾರಿಕೆ.

ಟ್ರಸ್ಟುಗಳ ಪಾಲು

ಬಸದಿಯ ಆವರಣಗಳಲ್ಲಿ ಬೆಕ್ಕುಗಳನ್ನು ತಂದು ಬಿಡುವವರು ಜೈನರು ದಯಾಳುಗಳೆಂಬ ನಂಬಿಕೆಯಿಂದಲೇ ಬಿಡುತ್ತಾರೆ. ಆ ನಂಬಿಕೆ ಸುಳ್ಳಾಗದಂತೆ ನೋಡಿಕೊಳ್ಳುವುದು ಟ್ರಸ್ಟುಗಳ ಕರ್ತವ್ಯ. 1981, 1993, 2006 ಮತ್ತು 2018ರ ಮಹಾಮಸ್ತಕಾಭಿಷೇಕಗಳಲ್ಲಿ ಲಕ್ಷಾಂತರ ಯಾತ್ರಿಕರಿಗೆ ಊಟ ವಸತಿಗಳ ವ್ಯವಸ್ಥೆ ಮಾಡಿ ತೋರಿಸಿದ ಸಮಾಜಕ್ಕೆ ಉಗ್ರಾಣದ ಮೂರು ಬೆಕ್ಕುಗಳ ಚರ್ಮರೋಗ ನಿಭಾಯಿಸಲಾಗದ ಕಾರ್ಯವೆಂದರೆ ಯಾರು ನಂಬುತ್ತಾರೆ?

ದೆಹಲಿಯ ಕೆಂಪುಕೋಟೆಯೆದುರಿನ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿರುವ ಪಕ್ಷಿಗಳ ಆಸ್ಪತ್ರೆ ಇಲ್ಲಿ ಅನುಕರಣೀಯ. ಅಲ್ಲಿ ಮಾಂಸಾಹಾರಿ ಹಕ್ಕಿಗಳನ್ನು ಒಳರೋಗಿಗಳಾಗಿ ಇಟ್ಟುಕೊಳ್ಳುವುದಿಲ್ಲ. ಆದರೆ ಗಾಯಗೊಂಡ ಹದ್ದು ಗಿಡುಗಗಳಿಗೂ ಹೊರರೋಗಿಗಳಾಗಿ ಚಿಕಿತ್ಸೆ ದೊರೆಯುತ್ತದೆ. ಹಿಂಸಕ ಪ್ರಾಣಿ ಎಂಬ ವಿಚಾರ ಎಲ್ಲಿ ಅನ್ವಯಿಸಬೇಕು, ಎಲ್ಲಿ ಅನ್ವಯಿಸಬಾರದು ಎಂಬ ವಿವೇಕ ಆ ಏರ್ಪಾಡಿನಲ್ಲಿದೆ. ಇಟ್ಟುಕೊಳ್ಳಲಾಗದಿರಬಹುದು, ಆದರೆ ನೋವು ಕಳೆಯಲು ಹಿಂಜರಿಕೆಯಿಲ್ಲ.

ಕಾನೂನೂ ಮೌನವಾಗಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮು ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತ್ಯಜಿಸುವುದನ್ನು ಅಪರಾಧವೆಂದು ಹೇಳುತ್ತದೆ. ನೋವು, ಗಾಯ, ರೋಗಗಳಿಂದ ಬಿಡುಗಡೆ ಪ್ರಾಣಿಗಳಿಗೂ ಸಲ್ಲತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯ 2014ರ ಮೇ 7ರ ತೀರ್ಪಿನಲ್ಲಿ ಒಪ್ಪಿಕೊಂಡಿದೆ. 1960ರ ಕಾಯಿದೆ ಮೊದಲ ಅಪರಾಧಕ್ಕೆ ಗೊತ್ತುಪಡಿಸಿದ ದಂಡ 50 ರೂಪಾಯಿ ಮೀರಲಿಲ್ಲ. ಐವತ್ತು ರೂಪಾಯಿಗೆ ಯಾರು ಹೆದರುತ್ತಾರೆ? ಆದರೆ ಕರ್ಮಸಿದ್ಧಾಂತವನ್ನು ನಂಬಿದವನು ಹೆದರಬೇಕಾದ ದಂಡ ಐವತ್ತು ರೂಪಾಯಿಯದಲ್ಲ.

ಆಗಬೇಕಾದ ಕಾರ್ಯಗಳು ದೊಡ್ಡವಲ್ಲ. ಟ್ರಸ್ಟಿನ ಧಾನ್ಯವನ್ನು ಮುಚ್ಚಳವುಳ್ಳ ತಗಡಿನ ಡಬ್ಬಗಳಿಗೆ ತುಂಬಿ, ಉಗ್ರಾಣದ ಕಿಟಕಿಗಳಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆಸಿದರೆ ಇಲಿಗಾಗಿ ಬೆಕ್ಕನ್ನು ಇಡುವ ಅವಶ್ಯಕತೆಯೇ ಬೀಳದು, ಅನರ್ಥದಂಡವೂ ತಪ್ಪುತ್ತದೆ. ಈಗಾಗಲೇ ಇರುವ ಬೆಕ್ಕುಗಳಿಗೆ ಹೊಸಬನ್ನು ಸೇರಿಸದೆ, ಇರುವವನ್ನು ಕೊನೆಯವರೆಗೆ ನೋಡಿಕೊಳ್ಳುವ ನಿರ್ಣಯವಾಗಲಿ. ಬೆಕ್ಕುಗಳು ಓಡಾಡುವ ನೆಲಕ್ಕೆ ಫಿನೈಲ್, ಮೂಲೆಗಳಿಗೆ ನುಸಿಗುಳಿಗೆ ಹಾಕುವುದು ನಿಲ್ಲಲಿ. ಪ್ರತಿ ವರ್ಷದ ಔಷಧದಾನದ ನಿಧಿಯಲ್ಲಿ ಒಂದು ಸಣ್ಣ ಪಾಲು ಮೂಕಪ್ರಾಣಿಗಳಿಗೆಂದು ಬರೆದಿಡಲಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಸರ್ಕಾರದ ಪಶು ಆಸ್ಪತ್ರೆಗಳಿವೆ. ಅಲ್ಲಿ ಬಗೆಹರಿಯದ ವ್ಯಾಧಿಗೆ ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಮಕ್ಕಳ ಪಾಠಶಾಲೆಯಲ್ಲಿ ಇಂದ್ರಿಯಗಳ ಗಣನೆಯನ್ನು ಬಾಯಿಪಾಠ ಮಾಡಿಸುವ ಅಧ್ಯಾಪಕರು ಒಂದು ಭಾನುವಾರ ಸೀರಣಿಗೆ ಮತ್ತು ಬಿಳಿಬಟ್ಟೆಯ ಪರೀಕ್ಷೆಯನ್ನೂ ಮಾಡಿ ತೋರಿಸಲಿ.

ಬೆಕ್ಕು ಅಡ್ಡ ಬಂದರೆ ಅಪಶಕುನವೆಂದು ಹಿಂದಿರುಗುವ ಲೋಕಮೂಢತೆ ಜೈನ ಮನೆಗಳನ್ನೂ ಬಿಟ್ಟಿಲ್ಲ. ನಿಜವಾದ ಅಪಶಕುನ ಬೇರೆಯೇ ಇದೆ: ಬಸದಿಯ ಮೆಟ್ಟಿಲ ಮೇಲೆ ರಕ್ತ ಒಸರುವ ಹೊಟ್ಟೆಯನ್ನು ನೆಕ್ಕುತ್ತ ಕುಳಿತ ಪ್ರಾಣಿಯನ್ನು ದಾಟಿಕೊಂಡು, ಅಕ್ಷತೆಯ ತಟ್ಟೆ ಹಿಡಿದು ಒಳಗೆ ಹೋಗುವ ಕಾಲುಗಳು ಕ್ಷಣಕಾಲವೂ ನಿಲ್ಲದಿರುವುದು. ಅನುಕಂಪೆಯು ಸಮ್ಯಕ್ತ್ವದ ಚಿಹ್ನೆಗಳಲ್ಲೊಂದು ಎಂದು ಪೂರ್ವಾಚಾರ್ಯರು ಹೇಳಿದ್ದಾರೆ. ಆ ಚಿಹ್ನೆ ಗರ್ಭಗುಡಿಯ ಒಳಗಷ್ಟೇ ಅಲ್ಲ, ಅದರ ಮೆಟ್ಟಿಲ ಮೇಲೂ ಕಾಣಬೇಕು.